ಮರಿಯಣ್ಣನ ಎದೆಗೆ ಬಿದ್ದ ಕೈ

ಆ ಬಾಗಿಲು ಸ್ವಲ್ಪ ಮುಂದೆ ಮಾಡಿ… ಮಗು ಎದ್ದುಬಿಟ್ಟೀತು. ಮೆಲ್ಲಗೇ ಹೇಳ್ತೀನಿ. ನಗೋರು ಈಗಲೇ ನಕ್ಕು ಮುಗಿಸಿ, ಮಧ್ಯದಲ್ಲಿ ಬೇಡ. ಇದು ಯಾರೋ ಯಾರಿಗೋ ಆಯ್ತಂತೆ ಅನ್ನೋ ಮಾತಲ್ಲ. ನಮ್ಮ ದೊಡ್ಡಮ್ಮನ ಮಗನಿಗೆ ಆಗಿದ್ದು. ಕೊನೇ ರಾತ್ರಿ ನಾನೇ ಅಲ್ಲಿದ್ದೆ.

ಅವನನ್ನ ಮನೆಯಲ್ಲಿ ಎಲ್ಲರೂ ಮರಿ ಅಂತಾರೆ. ನನಗೆ ಮರಿಯಣ್ಣ. ಮರದ ಮಿಲ್ಲಿನಲ್ಲಿ ಲಾರಿ ತೂಗೋ ಕೋಣೆಯ ಕೆಲಸ. ಆವತ್ತು ಪಾಳಿ ಮುಗಿಸಿ ಹಿಂದಿನ ಗೇಟಿನಿಂದ ಮನೆಗೆ ಹೊರಟಿದ್ದ. ಬಲಗೈಗೆ ಪ್ಲಾಸ್ಟರ್ ಇತ್ತು. ಯಾಕೆ ಅಂತ ಆಮೇಲೆ ಹೇಳ್ತೀನಿ.

ಗೇಟು ದಾಟಿದ್ರೆ ಒಂದು ಹಳೇ ಬಾವಿ. ಹಿಂದೆ ಮಿಲ್ಲಿನ ಇಂಜಿನ್ನಿಗೆ ಅಲ್ಲಿಂದಲೇ ನೀರು. ಈಗ ಬಾಯಿಗೆ ಕಬ್ಬಿಣದ ಜಾಲರಿ ಹೊದಿಸಿದಾರೆ. ರಾಟೆಯ ಸರಪಳಿ ಮಾತ್ರ ಹಾಗೇ ನೇತಾಡ್ತಿರುತ್ತೆ.

ಗಾಳಿ ಒಂಚೂರೂ ಇರಲಿಲ್ಲ. ಸರಪಳಿ ಅಲ್ಲಾಡ್ತು.

ಟಿಣ್… ಟಿಣ್…

ಮರಿಯಣ್ಣ ತಿರುಗಿ ನೋಡಲಿಲ್ಲ. ನಡಿಗೆ ಜೋರು ಮಾಡಿದ. ಹಿಂದೆ ಮರದ ಹೊಟ್ಟಿನ ಮೇಲೆ ಹೆಜ್ಜೆ. ಕಿರುಕ್… ಕಿರುಕ್… ಭಾರವಾದ ಹೆಜ್ಜೆ, ಬರಿಗಾಲು. ಆಮೇಲೆ ಒಂದು ಉಸಿರು. "ಹ್ಹೂಂ…" ದಿಮ್ಮಿ ಹೆಗಲಿಗೆ ಏರಿಸೋವಾಗ ಹೊರೋರು ಹಾಕ್ತಾರಲ್ಲ, ಆ ಸದ್ದು. ಮಿಲ್ಲಿನಲ್ಲಿ ಒಬ್ಬೊಬ್ಬರದ್ದು ಒಂದೊಂದು ಥರ. ಇದು ಯಾರದ್ದು ಅಂತ ಮರಿಯಣ್ಣನಿಗೆ ಕೇಳಿದ ತಕ್ಷಣ ಗೊತ್ತಾಯ್ತು. ಕಾಲು ಅಲ್ಲೇ ಕಚ್ಕೊಂಡಿತು.

ಅದು ಅವನ ಅಣ್ಣನ ಉಸಿರು. ಅಣ್ಣನನ್ನ ಮಣ್ಣು ಮಾಡಿ ಇನ್ನೂ ತಿಂಗಳು ತುಂಬಿರಲಿಲ್ಲ.

"ಕೊಡೋ…"

ಕಿವಿಯ ಪಕ್ಕದಲ್ಲೇ. ಪಿಸುಮಾತು.

ಹೆಗಲ ಮೇಲೆ ಕೈ ಬಿತ್ತು. ಬಿತ್ತು ಅಂದ್ರೆ ಮೂಟೆ ಬಿದ್ದ ಹಾಗೆ. ಗಿರ್ರನೆ ತಿರುಗಿಸಿ ಬಾವಿಕಟ್ಟೆಗೆ ಒಗೀತು. ಪಕ್ಕೆಲುಬು ಲಟಕ್ ಅಂತು. ಏಳೋ ಮುಂಚೆ ಕತ್ತಿಗೆ ಐದು ಬೆರಳು. ಎದುರಿಗೆ ಯಾರೂ ಇಲ್ಲ… ಕಂಬದ ದೀಪ, ಗೋಡೆ, ಅಷ್ಟೇ. ಆದ್ರೆ ಕತ್ತು ಒಳಗೊಳಗೇ ಕುಗ್ಗಿ ಹೋಗ್ತಿದೆ. ಎರಡನೇ ಕೈ ಅಂಗಿ ಹರಿದು ಎಡಗಡೆ ಎದೆಯನ್ನ ಕೆದಕ್ತಿದೆ, ನಾಯಿ ಮಣ್ಣು ಕೆದಕಿದ ಹಾಗೆ.

"ಕೊಡೋ ಅಂದ್ರೆ…"

ಮರಿಯಣ್ಣನ ಹೃದಯ ಓಡೋಕೆ ಶುರುವಾಯ್ತು. ಓಟ ಅಲ್ಲ ಅದು, ನಡುಕ. ಕಣ್ಣು ಕತ್ತಲಾಯ್ತು. ಅಷ್ಟರಲ್ಲಿ ಎದೆಯ ಒಳಗಿನಿಂದ ಯಾರೋ ಜಾಡಿಸಿ ಒದ್ದ ಹಾಗೆ… ಧಡ್! ಇಡೀ ಮೈ ನೆಲದಿಂದ ಎಗರಿತು. ಕತ್ತು ಹಿಡಿದ ಬೆರಳುಗಳು ಸಡಿಲಾದ್ವು. ಕತ್ತಲಲ್ಲಿ ಯಾರೋ ನೋವಿಗೆ ಹಲ್ಲು ಕಡಿದ ಸದ್ದು.

ಮನೆವರೆಗೂ ಅವನು ಹೇಗೆ ಬಂದ ಅಂತ ಅವನಿಗೇ ಗೊತ್ತಿಲ್ಲ. ಅವನ ಹೆಂಡತಿ, ನಮ್ಮತ್ತಿಗೆ, ಬಾಗಿಲು ತೆಗೆದು ದೀಪ ಹಿಡಿದಳು. ಕತ್ತಿನ ಸುತ್ತ ಐದು ನೀಲಿ ಬರೆ.

ಈಗ ಹಿಂದಿನ ಕತೆ ಹೇಳದಿದ್ರೆ ನಿಮಗೆ ತಲೆಬುಡ ಗೊತ್ತಾಗಲ್ಲ.

ದೊಡ್ಡಮ್ಮನಿಗೆ ಇಬ್ಬರು ಗಂಡುಮಕ್ಕಳು. ಚಿಕ್ಕವನು ಮರಿ. ದೊಡ್ಡವನನ್ನ ಜನ ಗೂಳಿ ಅಂತಿದ್ರು. ಹೆಸರಿಗೆ ತಕ್ಕ ಆಳು. ಇಬ್ಬರು ಹೊರೋ ದಿಮ್ಮಿ ಒಬ್ಬನೇ ಹೊರೋನು. ಬಾಗಿಲಲ್ಲಿ ನಿಂತ್ರೆ ಮನೆಯೊಳಗೆ ಸಂಜೆ ಆಯ್ತು ಅಂತ ನಾವು ತಮಾಷೆ ಮಾಡ್ತಿದ್ವಿ. ಮಿಲ್ಲಿನ ಹೊರೋರಿಗೆಲ್ಲ ಅವನೇ ಮೇಸ್ತ್ರಿ. ಕೋಪ ಬಂದ್ರೆ ಮಾತ್ರ ಅವನ ಮುಂದೆ ನಿಲ್ಲೋ ಹಾಗಿರಲಿಲ್ಲ. ಒಂದ್ಸಲ ಎದುರು ಮಾತಾಡಿದ ಲಾರಿ ಡ್ರೈವರನ್ನ ಕಿಟಕಿಯಿಂದಲೇ ಹೊರಗೆಳೆದು ಹಾಕಿದ್ದ. ತಮ್ಮನ ಮೇಲೆ ಪ್ರಾಣ. ಆದ್ರೆ ಆ ಪ್ರೀತಿಯಲ್ಲೂ ತಮ್ಮನ ಬೆನ್ನ ಮೇಲೆ ಅವನ ಕೈಗುರುತು ಇರ್ತಿತ್ತು.

ಅವರಪ್ಪ ವಯಸ್ಸಿರುವಾಗಲೇ ಹೋದ್ರು. ದಿಮ್ಮಿ ಎಳೀತಾ ಇದ್ದೋರು ಹಾಗೇ ಕುಸಿದ್ರು. ಬಿಸಿಲು ಬಡೀತು ಅಂದ್ರು ಎಲ್ಲ. ಯಾರೂ ಮುಂದೆ ಕೇಳಲಿಲ್ಲ.

ಆಮೇಲೆ ಒಂದಿನ ಮಿಲ್ಲಿನಲ್ಲಿ ಮರಿಯಣ್ಣ ಬಿದ್ದ. ಮಾತಾಡ್ತಾ ನಿಂತವನು, ಕಡಿದ ಮರದ ಹಾಗೆ. ಉಸಿರಿಲ್ಲ, ನಾಡಿ ಇಲ್ಲ. ಗರಗಸ ಓಡಿಸೋನು ಒಬ್ಬ ಮೊದಲು ಆಂಬುಲೆನ್ಸ್ ಓಡಿಸ್ತಿದ್ದನಂತೆ. ಅವನು ಓಡಿ ಬಂದು ಎದೆ ಒತ್ತೋಕೆ ಶುರು ಮಾಡಿದ. ಆಸ್ಪತ್ರೆಯೋರು ಬಂದು ಕರೆಂಟು ಕೊಟ್ಟು ಹೃದಯ ಎಬ್ಬಿಸಿದ್ರು. ಸತ್ತು ಬದುಕಿದ ಅಂದ್ರೆ ಅದೇ.

ಅಲ್ಲಿದ್ದ ಹೃದಯದ ಡಾಕ್ಟರಮ್ಮ ನಮ್ಮನ್ನೆಲ್ಲ ಕೂರಿಸಿ ಹೇಳಿದ್ರು. "ಇವರ ಹೃದಯದ ಗೋಡೆ ದಪ್ಪ ಆಗಿದೆ. ಹುಟ್ಟಿನಿಂದ ಬಂದಿದ್ದು, ಅಪ್ಪನ ಕಡೆಯದ್ದೇ ಇರಬೇಕು. ಯಾವಾಗ ಬೇಕಾದ್ರೂ ಬಡಿತ ಹುಚ್ಚೆದ್ದು ಓಡುತ್ತೆ. ಓಡಿ ಓಡಿ ರಕ್ತ ಎತ್ತೋದನ್ನೇ ಮರೆಯುತ್ತೆ. ಎದೆಯೊಳಗೆ ಒಂದು ಡಬ್ಬಿ ಇಡ್ಬೇಕು."

"ಪೇಸ್‌ಮೇಕರಾ?" ಅಂತ ಕೇಳಿದೆ ನಾನು.

"ಅದು ಬೇರೆ ಅಮ್ಮ. ಪೇಸ್‌ಮೇಕರ್ ನಿಧಾನ ಆಗೋ ಹೃದಯಕ್ಕೆ, ನಿಂತುಹೋಗ್ತೀನಿ ಅನ್ನೋ ಹೃದಯಕ್ಕೆ. ಇದು ಹುಚ್ಚು ಓಟದ ಹೃದಯಕ್ಕೆ. ಸುಮ್ನೆ ಕೂತು ಕಾಯ್ತಾ ಇರುತ್ತೆ. ಓಟ ಶುರುವಾದ್ರೆ ಮೊದಲು ಸಣ್ಣಗೆ ಗದರಿಸುತ್ತೆ. ಕೇಳದಿದ್ರೆ ಒಳಗಿಂದಲೇ ಒಂದು ಹೊಡೆತ."

ಹಾಗೆ ಮರಿಯಣ್ಣನ ಎಡ ಹೆಗಲಿನ ಕೆಳಗೆ, ಚರ್ಮದ ಅಡಿಯಲ್ಲಿ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿ ಬಂತು. ಅದರಿಂದ ಒಂದು ತಂತಿ ಹೃದಯದೊಳಗೆ. ದೊಡ್ಡ ಮೋಟಾರಿನ ಹತ್ತಿರ, ವೆಲ್ಡಿಂಗಿನ ಹತ್ತಿರ ಹೋಗೋ ಹಾಗಿಲ್ಲ ಅಂದ್ರು. ಅದಕ್ಕೇ ತೂಕದ ಕೋಣೆ.

ಡಾಕ್ಟರಮ್ಮ ಅಣ್ಣನನ್ನೂ ಪರೀಕ್ಷೆ ಮಾಡಿದ್ರು. ರಕ್ತಸಂಬಂಧದೋರೆಲ್ಲ ನೋಡಿಸ್ಕೊಳ್ಳಲೇಬೇಕು ಅಂತ. ಒಂದಿಡೀ ದಿನ ಎದೆಗೆ ತಂತಿ ಅಂಟಿಸಿ ಕಳಿಸಿದ್ರು. ಫಲಿತಾಂಶ ನೋಡಿ ಅವರ ಮುಖ ಬದಲಾಯ್ತು.

"ನಿಮ್ಮ ತಮ್ಮನಿಗಿಂತ ನಿಮ್ಮದೇ ಜಾಸ್ತಿ ಇದೆ. ಯಾವತ್ತಾದ್ರೂ ಭಾರ ಎತ್ತೋವಾಗ ಜ್ಞಾನ ತಪ್ಪಿತ್ತಾ?"

ದೊಡ್ಡಮ್ಮ ಹೇಳಿದ್ರು. "ಹೋದ ಬೇಸಿಗೇಲಿ ಅಂಗಳದಲ್ಲೇ ಬಿದ್ದಿದ್ದ. ಯಾರಿಗೂ ಹೇಳ್ಬೇಡ ಅಂದ."

"ಒಮ್ಮೆ ಸತ್ತು ಬದುಕಿದವರಿಗೆ ಇದನ್ನ ಹಾಕ್ತೀವಿ. ಸಾಯೋ ಮುಂಚೆಯೇ ಹಾಕಬೇಕಾದೋರೂ ಇದಾರೆ," ಅಂದ್ರು ಡಾಕ್ಟರಮ್ಮ. "ಮನೆಯಲ್ಲಿ ಹಠಾತ್ ಸಾವು ಆಗಿದೆ, ಗೋಡೆ ಇಷ್ಟು ದಪ್ಪ ಇದೆ, ಜ್ಞಾನ ತಪ್ಪಿದೆ, ಈ ಒಂದೇ ದಿನದಲ್ಲಿ ಎರಡು ಸಲ ಬಡಿತ ಓಡಿದೆ. ನಿಮಗೆ ಈಗಲೇ ಬೇಕು. ಭಾರ ಎತ್ತೋದು ಇವತ್ತಿಗೇ ನಿಲ್ಲಿಸಿ."

ಗೂಳಿಯಣ್ಣ ಎದ್ದು ನಿಂತ. ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಹೃದಯ ಒಂದಿತ್ತು, ತೋರಿಸೋಕೆ ಇಟ್ಟಿದ್ದು, ಅದನ್ನ ಅಂಗೈಯಲ್ಲಿ ಹಿಡಿದು ಅಮುಕಿದ. ಪಟಾರ್ ಅಂತ ಒಡೀತು.

"ನನ್ನೆದೆ ಬಡಿಯೋಕೆ ಡಬ್ಬಿಯ ಅಪ್ಪಣೆ ಬೇಡ," ಅಂದ. ಹೊರಟುಹೋದ.

ಮರಿಯಣ್ಣ ಬೇಡಿಕೊಂಡ, ಕಾಲು ಹಿಡಿದ. ಕೇಳಲಿಲ್ಲ. ದಿನಾ ಅಣ್ಣ ದಿಮ್ಮಿಗೆ ಹೆಗಲು ಕೊಡೋದನ್ನ ತೂಕದ ಕೋಣೆಯ ಕಿಟಕಿಯಿಂದ ನೋಡ್ತಾ ನೋಡ್ತಾ ತಡೆಯೋಕಾಗದೆ ಕೊನೆಗೆ ಮಿಲ್ಲಿನ ಮಾಲೀಕನ ಹತ್ತಿರ ಹೋಗಿ ಎಲ್ಲ ಹೇಳಿಬಿಟ್ಟ. ಮಾಲೀಕ ಹೆದರಿದ. ನನ್ನ ಅಂಗಳದಲ್ಲಿ ಸತ್ತರೆ ಏನು ಗತಿ ಅಂತ ಆವತ್ತೇ ಗೂಳಿಯಣ್ಣನನ್ನ ಕೆಲಸದಿಂದ ಇಳಿಸಿ, ಎಲ್ಲರೆದುರೇ ಅವನ ಕೈಗೆ ಪೊರಕೆ ಕೊಟ್ಟ. ಹೊಟ್ಟು ಗುಡಿಸು ಅಂದ.

ಆ ರಾತ್ರಿ ಗೂಳಿಯಣ್ಣ ಬಾವಿಯ ಹತ್ತಿರ ಕಾದು ನಿಂತಿದ್ದ.

ಮಾತೇ ಆಡಲಿಲ್ಲವಂತೆ. ಮೊದಲು ಮುಖಕ್ಕೆ ಗುದ್ದು. ಎರಡು ಹಲ್ಲು ಹೋದ್ವು. ಮರಿಯಣ್ಣ ಅಡ್ಡ ಹಿಡಿದ ಬಲಗೈಯನ್ನ ಹಿಡಿದು ಮೊಣಕಾಲಿಗೆ ಹಾಕಿ ಸೌದೆ ಮುರಿದ ಹಾಗೆ ಮುರಿದ. ತಲೆಗೂದಲು ಹಿಡಿದು ಬಾವಿಕಟ್ಟೆಗೆ ಬಡಿದ. ಒಂದು… ಇನ್ನೊಂದು… ಕಲ್ಲಿನ ಮೇಲೆ ರಕ್ತ.

"ಪೊರಕೆ ಕೊಡಿಸಿದೆಯಲ್ಲೋ ನಂಗೆ! ಪೊರಕೆ!"

"ನೀನು ಸಾಯ್ತೀಯ ಅಣ್ಣಾ…"

"ಮೊದಲು ನೀನು ಸಾಯಿ."

ಕತ್ತು ಹಿಸುಕೋಕೆ ಶುರು ಮಾಡಿದ. ಮರಿಯಣ್ಣನಿಗೆ ಉಸಿರು ಇನ್ನೇನು ನಿಲ್ಲಬೇಕು… ಆಗ ಆ ಕೈಗಳು ತಾವಾಗೇ ಬಿಟ್ಟುಕೊಂಡ್ವು. ಗೂಳಿಯಣ್ಣ ಏನೋ ನೆನಪಾದೋನ ಹಾಗೆ ನೋಡ್ತಿದ್ದ. ಮೊಣಕಾಲೂರಿದ. ಆಮೇಲೆ ತಮ್ಮನ ಮೇಲೇ ಬಿದ್ದ. ಬಿದ್ದೋನು ಬಲಗೈ ಚಾಚಿ ತಮ್ಮನ ಎದೆ ತಡಕಿದ. ಡಬ್ಬಿ ಸಿಕ್ತು. ಚರ್ಮದ ಮೇಲಿಂದಲೇ ಅದನ್ನ ಹಿಡ್ಕೊಂಡ.

"ಅದನ್ನ… ಕೊಡೋ…"

ಅದೇ ಕೊನೆ ಮಾತು.

ಮರಿಯಣ್ಣ ಅಣ್ಣನನ್ನ ಮಗುಚಿ ಎದೆ ಒತ್ತೋಕೆ ನೋಡಿದ. ಒಂದೇ ಕೈ. ಇನ್ನೊಂದು ಮುರಿದು ಜೋತಾಡ್ತಿದೆ. ಮೊಣಕೈ ಊರಿ ಒತ್ತಿದ, ಕೂಗಿದ. ಗರಗಸದ ಸದ್ದಲ್ಲಿ ಮಿಲ್ಲಿನೋರಿಗೆ ಕೇಳಿಸಲೇ ಇಲ್ಲ. ಜನ ಬರೋ ಹೊತ್ತಿಗೆ ಗೂಳಿಯಣ್ಣ ತಣ್ಣಗಾಗಿದ್ದ. ಹೃದಯ ನಿಂತು ಸತ್ತಿದ್ದು ಅಂತ ಆಸ್ಪತ್ರೆಯೋರೂ ಹೇಳಿದ್ರು, ಪೊಲೀಸರೂ ಒಪ್ಪಿಕೊಂಡ್ರು.

ಹಾಗಾದ ಮೇಲೆ ತಿಂಗಳೊಳಗೆ ಆ ಬಾವಿ ಹತ್ತಿರ ಅದೇ ಕೈ. ನಾನು ಮೊದಲು ಹೇಳಿದ್ನಲ್ಲ, ಅದು.

ಮರುದಿನ ಡಾಕ್ಟರಮ್ಮ ಎದೆಯ ಮೇಲೆ ಯಂತ್ರ ಇಟ್ಟು ನೋಡಿದ್ರು. "ಹೃದಯ ನಿಜವಾಗಲೂ ಹುಚ್ಚೆದ್ದಿತ್ತು. ಡಬ್ಬಿ ಸರಿಯಾಗೇ ಹೊಡೆದಿದೆ. ಇಲ್ದಿದ್ರೆ ಇವರು ಇಲ್ಲಿ ಕೂತಿರ್ತಿರಲಿಲ್ಲ." ಆಮೇಲೆ ಕತ್ತು ನೋಡಿ ದನಿ ತಗ್ಗಿಸಿದ್ರು. "ಇದು ಯಾರು ಮಾಡಿದ್ದು?"

ಮರಿಯಣ್ಣ ಅಂಗಿಯ ಗುಂಡಿ ಕತ್ತಿನವರೆಗೂ ಹಾಕ್ಕೊಂಡು ಎದ್ದ.

ಆ ದಾರಿ ಬಿಟ್ಟ. ಸುತ್ತು ಹಾಕ್ಕೊಂಡು ಮುಂದಿನ ರಸ್ತೆಯಲ್ಲಿ ಬಂದ. ಆಗ ಅದು ಮನೆಗೇ ಬಂತು. ಮೊದಲ ದಿನ ಅಡುಗೆಮನೆಯ ಪಾತ್ರೆ ಸ್ಟ್ಯಾಂಡು ಗೋಡೆಯಿಂದ ಕಿತ್ತು ಬಿತ್ತು. ಇನ್ನೊಂದು ದಿನ ಮಂಚ ಒಂದು ಕಡೆಯಿಂದ ಎದ್ದು ಗಂಡ ಹೆಂಡತಿ ಇಬ್ಬರನ್ನೂ ಉರುಳಿಸ್ತು. ಅತ್ತಿಗೆಯ ಹುಬ್ಬು ಸೀಳಿ ಹೊಲಿಗೆ ಹಾಕಿಸಬೇಕಾಯ್ತು. ಆಗ ದೊಡ್ಡಮ್ಮ ನನ್ನನ್ನ ಕರೆಸಿಕೊಂಡ್ರು. "ಜೊತೆಗಿರು ಬಾರೇ. ನನಗೊಬ್ಬಳಿಗೆ ಹಿಡಿಯೋಕಾಗಲ್ಲ."

ನಾನು ಹೋದೆ. ಹೋಗುವಾಗ ಗಂಡ ಹೆಂಡ್ತಿ ಜಗಳಕ್ಕೆ ದೆವ್ವದ ಹೆಸರು ಹೇಳ್ತಿರಬೇಕು ಅಂತಲೇ ಅಂದ್ಕೊಂಡಿದ್ದೆ. ಹೌದು, ನಕ್ಕಿದ್ದೆ ಕೂಡ.

ಎರಡೇ ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ನಾನು, ದೊಡ್ಡಮ್ಮ. ಒಳಗೆ ಅವರಿಬ್ಬರು. ನಡುವೆ ಬಾಗಿಲು ತೆರೆದೇ ಇತ್ತು, ದೀಪವೂ ಇತ್ತು. ನನಗೆ ಜೋಂಪು ಹತ್ತಿತ್ತು…

ಚಟ್.

ಹೊರಬಾಗಿಲ ಚಿಲಕ ಎರಡು ತುಂಡಾಗಿ ನನ್ನ ಹಾಸಿಗೆ ಹತ್ತಿರ ಬಂದು ಬಿತ್ತು. ಬಾಗಿಲು ಮೆಲ್ಲಗೆ ತೆರೀತು. ಯಾರೂ ಇಲ್ಲ. ಮರದ ಹೊಟ್ಟಿನ ವಾಸನೆ ಬಂತು, ಹಸಿ ಮರ ಕೊಯ್ದಾಗ ಬರೋದು. ಆಮೇಲೆ ಹೆಜ್ಜೆ. ಧಬ್… ಧಬ್… ನಮ್ಮಿಬ್ಬರ ಮಧ್ಯೆಯೇ ನಡೆದು ಹೋಯ್ತು. ನನ್ನ ಕೈಬೆರಳನ್ನ ಏನೋ ತುಳೀತು. ನೋಡಿ, ಈ ಉಗುರು ಇವತ್ತಿಗೂ ಸೊಟ್ಟ.

"ಬಂದ," ಅಂದ್ರು ದೊಡ್ಡಮ್ಮ. ಪಿಸುಮಾತಲ್ಲಿ.

ಒಳಗೆ ಅತ್ತಿಗೆ ಕಿರುಚಿದಳು. ನಾನು ಓಡೋ ಹೊತ್ತಿಗೆ ಅವಳು ಗೋಡೆಗೆ ಬಡಿದು ಕೆಳಗೆ ಬಿದ್ದಿದ್ದಳು. ಮರಿಯಣ್ಣ ಮಂಚದ ಮೇಲೆ ಇರಲಿಲ್ಲ. ಮಂಚದ ಮೇಲೆ ಗಾಳಿಯಲ್ಲಿದ್ದ! ಕತ್ತು ಮೇಲಕ್ಕೆ, ಕಾಲು ಜೋತಾಡ್ತಾ. ಮುಖ ಕಪ್ಪಿಟ್ಟಿತ್ತು. ಅಂಗಿ ಪರ್ ಅಂತ ಹರೀತು. ಡಬ್ಬಿ ಇರೋ ಜಾಗದ ಚರ್ಮ… ಹೇಗೆ ಹೇಳಲಿ… ಯಾರೋ ಮುಷ್ಟಿಯಲ್ಲಿ ಹಿಡಿದು ಎಳೆದ ಹಾಗೆ ಮುಂದಕ್ಕೆ ಬಂದಿತ್ತು. ಚರ್ಮದ ಕೆಳಗೆ ಡಬ್ಬಿಯ ಅಂಚು ಬಿಳಿಚಿ ಕಾಣ್ತಿತ್ತು.

ಧಡ್! ಡಬ್ಬಿ ಹೊಡೀತು. ಮರಿಯಣ್ಣನ ಮೈ ಚಾಟಿಯ ಹಾಗೆ ಅದುರಿತು. ಆ ಕೈ ಬಿಡಲಿಲ್ಲ. ಮತ್ತೆ, ಧಡ್! ಬಿಡಲಿಲ್ಲ. ಹೊಡೆತ ಬಿದ್ದಾಗಲೆಲ್ಲ ಅದು ರೇಗಿ ಅವನನ್ನ ಗೋಡೆಗೆ ಬಡೀತಿತ್ತು. ಗಾರೆ ಉದುರ್ತಿತ್ತು. ನಾನು ಅವನ ಕಾಲು ಹಿಡಿದು ಕೆಳಗೆ ಎಳೆದೆ. ಹೊಟ್ಟೆಗೆ ಒಂದು ಒದೆ ಬಿತ್ತು ನೋಡಿ, ಉಸಿರೇ ಸಿಗಲಿಲ್ಲ, ಬಾಗಿಲವರೆಗೂ ಉರುಳಿಕೊಂಡು ಹೋದೆ.

ಆಗ ದೊಡ್ಡಮ್ಮ ಒಳಗೆ ಬಂದ್ರು. ಕೈಯಲ್ಲಿ ಏನೂ ಇಲ್ಲ. ಮುದುಕಿ ನೆಟ್ಟಗೆ ಹೋಗಿ ಆ ಖಾಲಿ ಜಾಗಕ್ಕೆ, ತನ್ನ ತಲೆಗಿಂತ ಎತ್ತರಕ್ಕೆ ಕೈಯೆತ್ತಿ, ಬಾರಿಸಿದ್ರು. ಫಟಾರ್! ಕೆನ್ನೆಗೆ ಬಿದ್ದ ಸದ್ದು. ನಾನು ಕೇಳಿದೀನಿ.

"ನಾಚಿಕೆ ಆಗಲ್ವೇನೋ? ನಿನಗೂ ಹಾಕ್ತೀನಿ ಅಂದ್ರಲ್ಲೋ ಆ ಡಾಕ್ಟರಮ್ಮ! ಬೇಡ ಅಂದೋನು ನೀನು! ಇರೋ ಒಬ್ಬನನ್ನೂ ತಿಂತೀಯಾ?"

ಗೋಡೆಗೆ ಬಡಿಯೋದು ನಿಂತಿತು. "ಹ್ಹೂಂ… ಹ್ಹೂಂ…" ಉಸಿರು ಮಾತ್ರ. ಆಮೇಲೆ ಆ ದೊಡ್ಡ ಉಸಿರು ಬಿಕ್ಕೋಕೆ ಶುರುವಾಯ್ತು. ಅಷ್ಟು ದೊಡ್ಡ ಆಳು ಅಳೋದು ಹೇಗಿರುತ್ತೆ ಅಂತ ನಿಮಗೆ ಗೊತ್ತಿಲ್ಲ… ಕೇಳಿದ್ರೆ ಹೊಡೆತವೇ ವಾಸಿ ಅನ್ಸುತ್ತೆ.

"ಹೆದರಿಕೆ ಆಗ್ತಿತ್ತಮ್ಮಾ…"

ನಮ್ಮೆಲ್ಲರಿಗೂ ಕೇಳಿಸ್ತು.

ಮರಿಯಣ್ಣ ನೆಲಕ್ಕಿಳಿದಿದ್ದ, ಆದ್ರೆ ಎದೆಯ ಚರ್ಮ ಇನ್ನೂ ಮುಷ್ಟಿಯಲ್ಲೇ ಇತ್ತು. ಬಾಯಲ್ಲಿ ರಕ್ತ. ಅವನೇನು ಮಾಡಿದ ಗೊತ್ತಾ? ಪ್ಲಾಸ್ಟರ್ ಇಲ್ಲದ ಕೈಯನ್ನ ಎತ್ತಿ ಆ ಇಲ್ಲದ ಕೈಯ ಮೇಲೆ ಇಟ್ಟ. ಒತ್ತಿ ತನ್ನ ಎದೆಗೇ ಹಿಡ್ಕೊಂಡ.

"ಕೀಳಬೇಡ ಅಣ್ಣಾ," ಅಂದ. "ಹಿಡ್ಕೋ. ಇಬ್ಬರೂ ಹಿಡ್ಕೊಳ್ಳೋಣ. ಈಗ ಬರುತ್ತೆ ನೋಡು… ಬಿಡಬೇಡ."

ಅವನ ಕಣ್ಣು ಮೇಲಾಯ್ತು. ಹೃದಯ ಮತ್ತೆ ಓಡ್ತಿತ್ತು ಅಂತ ಕಾಣುತ್ತೆ. ದೊಡ್ಡಮ್ಮ ಇಬ್ಬರ ಪಕ್ಕದಲ್ಲೇ ನಿಂತಿದ್ರು. ಕ್ಷಣ… ಕ್ಷಣ…

ಧಡ್!

ಈ ಸಲ ಎರಡು ಕೂಗು. ಒಂದು ಮರಿಯಣ್ಣನದ್ದು. ಇನ್ನೊಂದು… ಅದರ ಹಿಂದೆಯೇ ಭಾರವಾದ್ದೇನೋ ನೆಲಕ್ಕೆ ಬಿತ್ತು. ಕಿಟಕಿ ಗಾಜು ಒಡೀತು. ನಾವು ನಿಂತ ನೆಲ ಅದುರಿತು. ಆಮೇಲೆ ಕೋಣೆಯಲ್ಲಿ ಚಳಿ, ಮೌನ.

ನೆಲದ ಹತ್ತಿರದಿಂದ ಒಂದು ಸದ್ದು. "ಹ್ಹಾ…" ನೀರಲ್ಲಿ ಮುಳುಗಿದೋನು ಮೇಲೆ ಬಂದು ಮೊದಲ ಉಸಿರು ಎಳೀತಾನಲ್ಲ, ಹಾಗೆ. ಉದ್ದಕ್ಕೆ, ಎದೆ ತುಂಬ. ಯಾರೋ ಕೈಯೂರಿ ಎದ್ದ ಹಾಗಾಯ್ತು. ಹೆಜ್ಜೆಗಳು ಬಾಗಿಲ ಕಡೆ ಹೋದ್ವು. ಈ ಸಲ ಧಬಧಬ ಇಲ್ಲ, ಮೆಲ್ಲಗೆ, ಮಲಗಿರೋರನ್ನ ಎಬ್ಬಿಸಬಾರದು ಅನ್ನೋ ಹಾಗೆ. ಹೊರಗೆ ಹೋಗುವಾಗ ಬಾಗಿಲು ಮುಂದೆ ಮಾಡ್ಕೊಂಡು ಹೋದ.

ದೊಡ್ಡಮ್ಮ ಅಲ್ಲೇ ಕೂತು ಬೆಳಗಿನವರೆಗೂ ಅತ್ತರು. ಆವತ್ತೇ ಅವರು ದೊಡ್ಡ ಮಗನಿಗೋಸ್ಕರ ಮೊದಲ ಸಲ ಅತ್ತಿದ್ದು.

ಮತ್ತೆ ಬರಲಿಲ್ಲ. ಆ ದಿನದಿಂದ ಈವರೆಗೂ ಮರಿಯಣ್ಣನ ಡಬ್ಬಿ ಒಂದು ಸಲಾನೂ ಹೊಡೆದಿಲ್ಲ. ಔಷಧಿ ಬದಲಾಯಿಸಿದ್ದಕ್ಕೆ ಅಂತಾರೆ ಡಾಕ್ಟರಮ್ಮ. ಇರಬಹುದು, ಅವರ ಮಾತಿಗೆ ನಾನು ಎದುರಾಡಲ್ಲ.

ಆದ್ರೆ ಇದೊಂದು ಕೇಳಿ. ಕೆಲವು ವರ್ಷ ಆದ ಮೇಲೆ ಡಬ್ಬಿಯ ಬ್ಯಾಟರಿ ಮುಗೀತಾ ಬಂತು. ಹಳೇದು ತೆಗೆದು ಹೊಸದು ಹಾಕಿದ್ರು. ಸಣ್ಣ ಆಪರೇಷನ್ನು. ಮುಗಿದ ಮೇಲೆ ಡಾಕ್ಟರಮ್ಮ ನನ್ನನ್ನ, ಅತ್ತಿಗೆಯನ್ನ ಒಳಗೆ ಕರೆದು ತಟ್ಟೆಯೊಂದನ್ನ ಮುಂದಿಟ್ರು.

"ಇವರಿಗೆ ಎದೆಗೆ ಜೋರಾಗಿ ಏನಾದ್ರೂ ಬಡಿದಿತ್ತಾ? ಚರ್ಮದ ಮೇಲೆ ಹಳೇ ಆಪರೇಷನ್ನಿನ ಗೆರೆ ಬಿಟ್ರೆ ಬೇರೆ ಗಾಯದ ಗುರುತು ಒಂದೂ ಇಲ್ಲ. ಈ ಲೋಹ ಕೈಯಲ್ಲಿ ಅಮುಕಿದ್ರೆ ಬಗ್ಗೋದಲ್ಲ. ಹೀಗೆ ನಾನು ಎಲ್ಲೂ ನೋಡಿಲ್ಲ."

ಅತ್ತಿಗೆ ನನ್ನ ಕೈ ಹಿಡ್ಕೊಂಡಳು.

ನುಣ್ಣನೆಯ ಡಬ್ಬಿ. ಅದರ ಒಂದು ಮೈಮೇಲೆ ಸಾಲಾಗಿ ನಾಲ್ಕು ಗುಳಿ. ತಿರುಗಿಸಿದ್ರೆ ಇನ್ನೊಂದು ಮೈಮೇಲೆ ಒಂದು, ದೊಡ್ಡದು. ನಾನು ನನ್ನ ಹೆಬ್ಬೆರಳು ಅದರಲ್ಲಿಟ್ಟು ನೋಡಿದೆ, ಸುತ್ತ ಇನ್ನೂ ಜಾಗ ಇತ್ತು. ನಂಬಿ ಅಂತ ನಾನು ಯಾರ ಕಾಲೂ ಹಿಡಿಯಲ್ಲ. ಇದು ನಡೆದಿದ್ದು, ಈ ಕೈಯಲ್ಲೇ ಮುಟ್ಟಿ ನೋಡಿದ್ದು. ಆಮೇಲೆ ಡಾಕ್ಟರಮ್ಮ ದೀಪ ಹತ್ತಿರ ಎಳೆದು ತೋರಿಸಿದ್ರು… ಆ ದೊಡ್ಡ ಗುಳಿಯ ತಳದಲ್ಲಿ ಹೆಬ್ಬೆಟ್ಟಿನ ಗೆರೆಗಳಿದ್ವು.